ಸ್ಟಿಕ್ಕರ್ ನೋಡಿ ಸೈಕಲ್ ತಗೋಬೇಡಿ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ಹಳೇ ಸೈಕಲ್ ಸಂಗ್ರಹದ ಬಗ್ಗೆ ಬಂದ ಲೇಖನ ಓದ್ದೆ, ಖುಷಿ ಆಯ್ತು, ಒಂದೇ ಒಂದು ತಕರಾರು. ಫ್ರಾನ್ಸಿನ ಕೈಕೆಲಸದ ಟೂರಿಂಗ್ ಸೈಕಲ್ ಸಿಕ್ರೆ ಫ್ರೇಮ್ ಮೇಲಿನ ಹೆಸರು ನೋಡಿ ತಗೊಳ್ಳಿ, ಆಮೇಲೆ ಹೊಸ ಪೇಂಟ್ ಹೊಡ್ಸಿ ಅಂತ ಬರೆದಿದೀರಲ್ಲ, ಎರಡೂ ತಪ್ಪು ಸಾರ್. ನಾನು ದಾವಣಗೆರೇಲಿ ಮಾವನ ಬಾಡಿಗೆ ಸೈಕಲ್ ಶಾಪಲ್ಲಿ ಪಂಕ್ಚರ್ ಹಾಕ್ತಾ ಬೆಳೆದೋನು, ಈಗ ಕೆಲ್ಸದ ಮೇಲೆ ಫ್ರಾನ್ಸಿನ ಲಿಯಾನ್‌ನಲ್ಲಿದೀನಿ, ಅಂಥದೇ ಒಂದು ಸೈಕಲ್ ಮನೆ ಹಾಲಲ್ಲಿ ನಿಂತಿದೆ, ಅದಕ್ಕೇ ಈ ಪತ್ರ.

ಎರಡು ವರ್ಷದ ಹಿಂದೆ ಹತ್ತಿರದ ಹಳ್ಳೀಲಿ 'ವೀದ್ ಗ್ರೆನಿಯೆ' ಇತ್ತು, ಅಟ್ಟ ಖಾಲಿ ಮಾಡೋದು ಅಂತಲೇ ಅರ್ಥ, ಮನೇಲಿ ಬೇಡದ್ದನ್ನೆಲ್ಲ ಬೀದೀಲಿ ಹರಡ್ಕೊಂಡು ಮಾರೋ ಸಂತೆ. ಒಬ್ರು ಅಜ್ಜಿ ಪಿಂಗಾಣಿ ತಟ್ಟೆಗಳ ಹಿಂದೆ ಗೋಡೆಗೆ ಸೈಕಲ್ ಒರಗಿಸಿದ್ರು, ತೀರಿಕೊಂಡ ಯಜಮಾನ್ರದ್ದಂತೆ. 150 ಯೂರೋ ಅಂದ್ರು. ಚೌಕಾಸಿ ಮಾಡ್ಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಮಡ್‌ಗಾರ್ಡ್ ನೋಡಿಬಿಟ್ಟಿದ್ದೆ, ಅಲ್ಯುಮಿನಿಯಂದು, ಮೈಯೆಲ್ಲ ಸಣ್ಣ ಸಣ್ಣ ಗುಳಿ, ತಾಮ್ರದ ಹಂಡೆ ತಟ್ಟಿರ್ತಾರಲ್ಲ ಹಂಗೆ. ಡೈನಮೋ ವೈರ್ ಹೊರಗೆ ಎಲ್ಲೂ ಕಾಣಲ್ಲ, ಪೈಪಿನೊಳಗೇ ಹೋಗಿದೆ. ಪಂಪು, ಕ್ಯಾರಿಯರ್, ಬ್ರೇಕು, ಡೈನಮೋ ಎಲ್ಲಕ್ಕೂ ಫ್ರೇಮಿಗೇ ಬೆಸುಗೆ ಹಾಕಿದ ಗೂಟ, ಕ್ಲಾಂಪ್ ಅನ್ನೋದು ಒಂದೂ ಇಲ್ಲ. ಮುಂದಿನ ಗೇರಿಗೆ ಕೇಬಲ್ಲೇ ಇಲ್ಲ ಸಾರ್, ಸೀಟಿನ ಕೆಳಗೆ ಪೈಪಿನ ಪಕ್ಕ ಒಂದು ಸಣ್ಣ ಲಿವರ್, ಓಡಿಸ್ತಾ ಓಡಿಸ್ತಾ ಬಗ್ಗಿ ಕೈಯಲ್ಲಿ ತಳ್ಬೇಕು.

ಇಂಥ ಸೈಕಲ್ ಮಾಡೋರಿಗೆ ಇಲ್ಲಿ ಕೋನ್‌ಸ್ತ್ರುಕ್ತರ್ ಅಂತಾರೆ. ಬರೀ ಫ್ರೇಮ್ ಕಟ್ಟೋರಲ್ಲ, ಲೈಟು ಮಡ್‌ಗಾರ್ಡು ಕ್ಯಾರಿಯರ್ ಸಮೇತ ಇಡೀ ಗಾಡೀನ ಒಬ್ರ ಮೈಯಳತೆಗೆ ಬಟ್ಟೆ ಹೊಲಿದಂಗೆ ಮಾಡಿ ಕೊಡೋರು. ಪ್ಯಾರಿಸ್ ಪಕ್ಕದ ಲವಲ್ವಾದಲ್ಲಿ ರೆನೆ ಎರ್ಸ್, ಅದೇ ಊರಲ್ಲಿ 1938ರಿಂದ ಅಲೆಕ್ಸ್ ಸಿಂಗರ್ (ಹೊಲಿಗೆ ಮಷಿನ್ ಸಿಂಗರ್ ಅಲ್ಲ!), ಗ್ರೆನೋಬಲ್‌ನಲ್ಲಿ ಜೋ ರೂತೆನ್ಸ್, ಹಿಂಗೆ ಊರೂರಲ್ಲೂ ಇದ್ರು. ಆದ್ರೆ ರೇಟ್ ಇರೋದು ಎರ್ಸ್ ಹೆಸರಿಗೆ, ಹಂಗಾಗಿ ಹೆಸರಿಲ್ಲದ ಯಾವ ಸೈಕಲ್ ಸಿಕ್ರೂ ಮಾರೋನಿಗೆ ಅದು ಎರ್ಸೇ. ಹಳೇ ಡಿಸೈನಿನ ಸ್ಟಿಕ್ಕರ್ ಈಗ ಹೊಸದಾಗಿ ಪ್ರಿಂಟ್ ಮಾಡಿದ್ದು ಸಿಗುತ್ತೆ, ಯಾರು ಬೇಕಾದ್ರೂ ಅಂಟಿಸ್ಬಹುದು. ಎರ್ಸ್ ತನ್ನದೇ ಕ್ರ್ಯಾಂಕು (ಪೆಡಲ್ ಕೂರೋ ತೋಳು), ಸ್ಟೆಮ್ಮು (ಹ್ಯಾಂಡಲ್ ಹಿಡಿಯೋ ಕೊಂಡಿ) ಮಾಡ್ತಿದ್ದದ್ದು ನಿಜ, ಆದ್ರೆ ಅದನ್ನೂ ಬಿಚ್ಚಿ ಇನ್ನೊಂದಕ್ಕೆ ಹಾಕ್ಬಹುದಲ್ಲ. ನನ್ನ ಸೈಕಲ್ಲಿನ ಸ್ಟ್ರಾಂಗ್‌ಲೈಟ್ ಕಂಪ್ನಿ ಕ್ರ್ಯಾಂಕು, ಮಫಾಕ್ ಕಂಪ್ನಿ ಬ್ರೇಕು ನೋಡಿದ್ರೆ ಫ್ರಾನ್ಸಿಂದು ಅನ್ಬಹುದೇ ಹೊರತು ಯಾರ ಕೈಯಿಂದು ಅಂತ ಗೊತ್ತಾಗಲ್ಲ, ಅಂಗಡೀಲಿ ಎಲ್ರಿಗೂ ಸಿಗ್ತಿದ್ದ ಸಾಮಾನು ಅದು.

ಅದಕ್ಕೇ ಸ್ಟಿಕ್ಕರ್ ಬಿಟ್ಟು ಸೂಕ್ಷ್ಮವಾಗಿ ಅಳೆಯೋ ವರ್ನಿಯರ್ ಹಿಡೀಬೇಕು. ಸೀಟಿನ ಪೈಪು ಹೊರಗಡೆಯಿಂದ 28 ಮಿಮೀ, ಮೇಲಿನ ಅಡ್ಡ ಪೈಪು 26 ಬಂದ್ರೆ ಫ್ರೆಂಚ್ ಅಳತೆ, 28.6 ಮತ್ತು 25.4 ಬಂದ್ರೆ ಇಂಗ್ಲಿಷ್. ರಿಮ್ಮಲ್ಲಿ ಟೈರ್ ಕೂರೋ ಜಾಗ ನನ್ನದ್ರಲ್ಲಿ 584 ಮಿಮೀ ಬಂತು, ಅದು 650ಬಿ, ಇಲ್ಲಿನ ಟೂರಿಂಗ್ ಜನರ ಮೆಚ್ಚಿನ ಸೈಜು, ನಮ್ಮ 28 ಇಂಚಿನ ಅಟ್ಲಾಸ್ ಟೈರ್ ಕೂರೋ 635ಕ್ಕಿಂತ ಎಷ್ಟೋ ಚಿಕ್ಕದು.

ಇನ್ನು ಬಿಬಿ ಕಪ್ಪು. ಬಿಬಿ ಅಂದ್ರೆ ಫ್ರೇಮಿನ ಕೆಳಗೆ ಪೆಡಲ್ ಅಚ್ಚು ತಿರುಗೋ ಜಾಗ, ಅದಕ್ಕೆ ಎರಡೂ ಕಡೆಯಿಂದ ತಿರುಗಿಸಿ ಕೂರಿಸೋ ಬಟ್ಟಲಿಗೇ ಕಪ್ಪು ಅನ್ನೋದು. ನಮ್ಮ ಕಡೆ ಸೈಕಲ್ಲಲ್ಲಿ ಚೈನ್ ಕಡೆ ಕಪ್ಪು ಉಲ್ಟಾ ಥ್ರೆಡ್ಡು, ಬಿಚ್ಚೋಕೆ ಗಡಿಯಾರದ ಮುಳ್ಳು ಹೋಗೋ ಕಡೆನೇ ತಿರುಗಿಸ್ಬೇಕು, ಮಾವ ತಲೆ ಮೇಲೆ ಮೊಟಕಿ ಕಲಿಸಿದ್ದು. ಅದೇ ಜ್ಞಾನದಲ್ಲಿ ಒಂದು ಶನಿವಾರ ಪೂರ್ತಿ ಜಗ್ಗಿದೆ, ಎಣ್ಣೆ ಬಿಟ್ಟು ಜಗ್ಗಿದೆ, ಸ್ಪ್ಯಾನರಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಜಗ್ಗಿದೆ, ಕೊನೆಗೆ ಕೈ ಜಾರಿ ಗೆಣ್ಣು ಕಿತ್ತು ರಕ್ತ ಬಂತು. ಫ್ರೆಂಚ್ ಥ್ರೆಡ್ಡು ಎರಡೂ ಕಡೆ ಸೀದಾನೇ ಸಾರ್, ಅಷ್ಟೊತ್ತೂ ನಾನು ಬಿಗಿ ಮಾಡ್ತಾ ಇದ್ದೆ! ಇನ್ನೊಂದು ಅಪಾಯ ಅಂದ್ರೆ ಫ್ರೆಂಚ್ ಕಪ್ಪು 35 ಮಿಮೀ, ಇಂಗ್ಲಿಷ್ ಕಪ್ಪು 1.37 ಇಂಚು ಅಂದ್ರೆ 34.8, ಕಣ್ಣಿಗೆ ಒಂದೇ ಥರ ಕಾಣುತ್ತೆ ಅಂತ ಒತ್ತಾಯ ಮಾಡಿ ಹಾಕಿದ್ರೆ ಥ್ರೆಡ್ ಮುಗೀತು.

ಪೇಂಟ್ ವಿಷ್ಯಕ್ಕೆ ಬರ್ತೀನಿ. ನನ್ನ ಸೈಕಲ್ಲಿಗೆ ಯಾರೋ ಪುಣ್ಯಾತ್ಮ ಕಿಟಕಿಗೆ ಹೊಡೆಯೋ ಹಸಿರು ಪೇಂಟ್ ಬ್ರಷ್ಷಲ್ಲಿ ಬಳಿದಿದ್ದ. ಮರಳು ಹೊಡ್ಸಿ ಕಿತ್ತಿದ್ರೆ ಒಂದು ದಿನದ ಕೆಲ್ಸ, ನಾನು ಬಟ್ಟೇಲಿ ಸ್ವಲ್ಪ ಸ್ವಲ್ಪವೇ ಉಜ್ಜುತಾ ಕೂತೆ, ಕೆಳಗೆ ಹಳೇ ನೀಲಿ ಬಣ್ಣ, ಅದರ ಅಂಚಿಗೆ ಬಂಗಾರದ ಗೆರೆ ಸಿಕ್ತು. ಹ್ಯಾಂಡಲ್ ಹತ್ರ ಪೇಂಟಲ್ಲಿ ಮುಚ್ಚಿಹೋಗಿದ್ದ ಒಂದು ಹಿತ್ತಾಳೆ ತಗಡೂ ಸಿಕ್ತು. ನಮ್ಮಲ್ಲಿ ಮುನ್ಸಿಪಾಲಿಟಿ ಬಿಲ್ಲೆ ಇರ್ತಿತ್ತಲ್ಲ ಹಂಗೆ, ಇಲ್ಲಿ ಸೈಕಲ್ ಮೇಲೆ ಮಾಲೀಕನ ಹೆಸರು, ವಿಳಾಸ ಹಾಕಿಸೋ ರೂಢಿ ಇತ್ತು. ಹೆಸರು ಅರ್ಧ ಸವೆದಿದೆ, ಊರು ಮಾತ್ರ ಸ್ಪಷ್ಟ, ಸೇಂತ್ ಎತಿಯೆನ್. ನಂಗೆ ರೋಮಾಂಚನ, ಯಾಕಂದ್ರೆ ವೆಲೋಸಿಯೊ ಅಂತ ಹೆಸರಾಗಿದ್ದ ಪಾಲ್ ದ ವಿವಿ ಊರು ಅದು, ಟೂರ್ ದ ಫ್ರಾನ್ಸ್ ರೇಸಲ್ಲಿ ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಡಿರೇಲರ್ ಗೇರಿಗೆ 1937ರ ತನಕ ಪರ್ಮಿಷನ್ ಇರ್ಲಿಲ್ಲ, ಈ ಮನುಷ್ಯ ಅದಕ್ಕೂ ಎಷ್ಟೋ ಮುಂಚೆ ಗುಡ್ಡ ಹತ್ತೋಕೆ ಗೇರ್ ಬೇಕೇ ಬೇಕು ಅಂತ ತನ್ನ ಪತ್ರಿಕೇಲಿ ಬರೀತಾ ಇದ್ದೋನು.

ಬಿಬಿ ಕೆಳಗೆ ಗ್ರೀಸ್ ಒರೆಸಿದ್ರೆ ಮೂರಂಕಿ ನಂಬರ್ ಇದೆ, ಹೆಸರಿಲ್ಲ. ತಗಡಿನ ಫೋಟೋ ಅಜ್ಜಿಗೆ ತೋರ್ಸೋಕೆ ಮತ್ತೆ ಆ ಹಳ್ಳಿಗೆ ಹೋದೆ. ಕನ್ನಡಕ ಹಾಕ್ಕೊಂಡು ನೋಡಿ, ಇದು ನಮ್ಮ ಯಜಮಾನ್ರ ಹೆಸರಲ್ಲಪ್ಪ, ಅವ್ರೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆ ಹಸಿರು ಪೇಂಟ್ ಬಳಿದಿದ್ದು ಮಾತ್ರ ಅವ್ರೇ ಅಂದ್ರು.

ಇಂತಿ,
ಲಿಯಾನ್‌ನಿಂದ ದಾವಣಗೆರೆಯ ಓದುಗ