ಭಾನುವಾರದ ಹಿರೇಕೊಳಲೆ ನಡಿಗೆ: ನಾಯಿ ಕರೆತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಚಿಕ್ಕಮಗಳೂರು ಹತ್ತಿರದ ಹಿರೇಕೊಳಲೆ ಕೆರೆ ಏರಿ ಬಳಿ ಸೇರೋಣ. ಕೆಲವರು ಮುಳ್ಳಯ್ಯನಗಿರಿ ಅಂದಿರಿ; ರಜೆ ದಿನ ಆ ಗಾಡಿಗಳ ಸಾಲಲ್ಲಿ ನಾಯಿಗೂ ಹಿಂಸೆ, ನಮಗೂ ಹಿಂಸೆ. ಬೇಡ.

ರೇಬೀಸ್ ಲಸಿಕೆ ಕಾರ್ಡಿನ ಫೋಟೊ ಶುಕ್ರವಾರದೊಳಗೆ ಇಲ್ಲಿ ಹಾಕಿ. ಲಸಿಕೆ ಆಗದ ಮರಿಗಳು ಈ ಸಲ ಮನೆಯಲ್ಲೇ ಇರಲಿ.

ತೋಟದ ದಾರಿಯಲ್ಲಿ ಹಗ್ಗ ಬಿಚ್ಚಲೇಬೇಡಿ. ಉದುರಿದ ಕಾಫಿ ಹಣ್ಣು ಸಿಹಿ ಅಂತ ಕೆಲವು ನಾಯಿಗಳು ತಿಂತಾವೆ, ಅದರಲ್ಲಿರೋ ಕೆಫೀನ್ ಅವಕ್ಕೆ ವಿಷ. ವಾಂತಿ, ನಡುಕ, ಜೋರು ಎದೆಬಡಿತ ಕಂಡರೆ ಕಾಯದೆ ಪಶುವೈದ್ಯರ ಹತ್ತಿರ ಹೊರಡಿ. ಕಣದಲ್ಲಿ ಹರಡಿದ ಕಾಫಿ ಮೇಲೆ ನಾಯಿ ಓಡಾಡಿದರೆ ತೋಟದವರು ಇನ್ನೊಮ್ಮೆ ಬಿಡಲ್ಲ, ಅದು ನ್ಯಾಯವೇ.

ಕಾರಲ್ಲಿ ವಾಂತಿ ಮಾಡುವ ನಾಯಿಗೆ ಊಟ ನಡಿಗೆ ಆದ ಮೇಲೆ. ನೀರು, ಬಟ್ಟಲು ಮನೆಯಿಂದ ತನ್ನಿ. ನಿಂತ ನೀರು ಕುಡಿಸಬೇಡಿ, ಇಲಿಜ್ವರ ನಾಯಿಗೂ ಬರುತ್ತೆ. ಮನೆಗೆ ಹೋದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಳ ಹುಡುಕಿ. ಹೇಲು ಎತ್ತಲು ಕಾಗದ, ಚೀಲ ನಿಮ್ಮದೇ.

ಬರುವವರು ನಾಯಿ ಹೆಸರು, ಕಾರಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ ಬರೆದು ತಿಳಿಸಿ. ಬರೀ ಹೆಬ್ಬೆರಳ ಚಿತ್ರ ಒತ್ತಿದರೆ ಲೆಕ್ಕ ಸಿಗಲ್ಲ ಮಾರಾಯ್ರೆ.