ಸಿಇಟಿ ಮಾಕ್ ಟೆಸ್ಟ್ ಬಗ್ಗೆ ಪೋಷಕರಿಗೆ ಪತ್ರ

ಪೋಷಕರಿಗೆಲ್ಲಾ ನಮಸ್ಕಾರ,

ಬರೋ ಶನಿವಾರ, ಭಾನುವಾರ ನಮ್ಮ ಸೆಕೆಂಡ್ ಪಿಯು ಸೈನ್ಸ್ ಮಕ್ಕಳಿಗೆ ಸಿಇಟಿ ಮಾಕ್ ಟೆಸ್ಟ್ ಇಟ್ಕೊಂಡಿದೀವಿ. ಒಂದೊಂದು ಪೇಪರಿಗೆ 60 ಪ್ರಶ್ನೆ, 80 ನಿಮಿಷ, ಬೆಳಿಗ್ಗೆ 10.30ಕ್ಕೆ ಒಂದು ಮಧ್ಯಾಹ್ನ 2.30ಕ್ಕೆ ಒಂದು, ಸಿಇಟಿ ನಡೆಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರ (ಕೆಇಎ) ಪರೀಕ್ಷೆ ಹೆಂಗಿರುತ್ತೋ ಥೇಟ್ ಹಂಗೇ, ಉತ್ತರದ ವೃತ್ತಗಳನ್ನ ಪೆನ್ನಲ್ಲಿ ತುಂಬೋ ಓಎಂಆರ್ ಶೀಟ್ ಸಮೇತ. ಭಾನುವಾರ ಮದುವೆ ಇದೆ ಸಾರ್ ಅಂತ ಈಗಾಗ್ಲೇ ನಾಲ್ಕೈದು ಜನ ಫೋನ್ ಮಾಡಿದ್ರಿ, ದಯವಿಟ್ಟು ಇದೊಂದ್ಸಲ ಮಕ್ಕಳನ್ನ ಇಲ್ಲಿಗೆ ಕಳಿಸಿ ನೀವು ಹೋಗಿ ಬರ್ರಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಹೋದ ವರ್ಷ ಜಗಳೂರು ಕಡೆಯಿಂದ ಬರ್ತಿದ್ದ ಒಬ್ಳು ಹುಡುಗಿ ಕೆಮಿಸ್ಟ್ರಿ ಮಾಕ್‌ನಲ್ಲಿ 23ನೇ ಪ್ರಶ್ನೆ ಆಮೇಲೆ ನೋಡೋಣ ಅಂತ ಬಿಟ್ಳು, ಆದ್ರೆ ಶೀಟಲ್ಲಿ ಆ ಸಾಲು ಬಿಡೋದು ಮರೆತು 24ರ ಉತ್ತರಾನ 23ಕ್ಕೆ ತುಂಬಿ ಅಲ್ಲಿಂದ ಹಂಗೇ ಹೋದ್ಳು, ಕೊನೇಗೆ 60ನೇ ಸಾಲು ಖಾಲಿ ಉಳಿದಾಗ್ಲೇ ಗೊತ್ತಾಗಿದ್ದು. ಪೆನ್ನಲ್ಲಿ ತುಂಬಿದ್ದು ಅಳಿಸೋಕೆ ಬರಲ್ಲ. ಪೆನ್ನಿನ ಕ್ಯಾಪ್ ಕಚ್ಕೊಂಡು ಶೀಟನ್ನೇ ನೋಡ್ತಾ ಕೂತಿತ್ತು ಆ ಮಗು. ಪ್ರಶ್ನೆಪತ್ರಿಕೇಲಿ ಅವ್ಳು ಗುರುತು ಹಾಕಿದ್ದ ಉತ್ತರ ನೋಡಿದ್ರೆ ಮುಕ್ಕಾಲು ಭಾಗ ಸರಿ ಇದ್ವು. ನಿಜವಾದ ಸಿಇಟೀಲಿ ಐದೈದು ಪ್ರಶ್ನೆಗೊಂದ್ಸಲ ನಂಬರ್ ನೋಡ್ಕೊಂಡೇ ತುಂಬಿದೆ ಸಾರ್ ಅಂತ ಬಂದು ಹೇಳಿದ್ಳು. ಆ ತಪ್ಪು ಇಲ್ಲೇ ಆಗಿದ್ದು ಎಷ್ಟು ಒಳ್ಳೇದಾಯ್ತು.

ಇನ್ನೊಂದು, ನೀಟ್‌ಗೂ ಓದ್ತಿರೋ ಮಕ್ಕಳಿಗೆ ತಪ್ಪಾದ್ರೆ ಮಾರ್ಕ್ಸ್ ಕಟ್ ಆಗುತ್ತೆ ಅನ್ನೋ ಭಯ ಕೂತ್ಬಿಟ್ಟಿರುತ್ತೆ. ಸಿಇಟೀಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಗೊತ್ತಿಲ್ದೇ ಇದ್ರೂ ಒಂದನ್ನ ತುಂಬಿ ಬರ್ಲಿ, ಮನೇಲೂ ಇದನ್ನ ಹೇಳ್ರಿ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಮಾರ್ಕ್ಸ್ ಅರ್ಧ ಆದ್ರೆ ಸಿಇಟಿ ಅರ್ಧ. ಬೆಂಗಳೂರಿನ ಹಾಸ್ಟೆಲ್ ಖರ್ಚು ನಮ್ ಕೈಲಾಗಲ್ಲ, ಊರಲ್ಲೇ ಇರೋ ಇಂಜಿನಿಯರಿಂಗ್ ಕಾಲೇಜು ಯುಬಿಡಿಟೀಲೋ ಬಿಐಇಟೀಲೋ ಸೀಟ್ ಸಿಕ್ರೆ ಸಾಕು ಅನ್ನೋ ಮನೆಗಳೇ ನಮ್ಮಲ್ಲಿ ಜಾಸ್ತಿ, ಅಂಥವ್ರಿಗೆ ಒಂದೊಂದು ಮಾರ್ಕ್ಸೂ ಲೆಕ್ಕಕ್ಕೆ ಬರುತ್ತೆ.

ನೀಲಿ ಇಲ್ಲಾ ಕಪ್ಪು ಬಾಲ್‌ಪೆನ್ ಎರಡು ಕೊಟ್ಟು ಕಳಿಸ್ರಿ, ವಾಚು ಬೇಡ, ನಿಜವಾದ ಸಿಇಟೀಲೂ ಬಿಡಲ್ಲ. ಊಟದ ಡಬ್ಬಿ ಮನೆಯಿಂದಾನೇ ಬರ್ಲಿ, ಮಧ್ಯಾಹ್ನ ಬೆಣ್ಣೆ ದೋಸೆ ತಿಂದು ಬಂದ ಹುಡುಗ್ರು ಎರಡೂವರೆ ಪೇಪರಿಗೆ ತೂಕಡಿಸ್ತಾ ಕೂತಿದ್ದನ್ನ ನಾನೇ ನೋಡಿದೀನಿ.

ಸೋಮವಾರ ಸಂಜೆ 4ಕ್ಕೆ ಶೀಟ್ ವಾಪಸ್ ಕೊಡ್ತೀವಿ, ಮನೆಯಿಂದ ಒಬ್ರಾದ್ರೂ ಬರ್ರಿ. ಎಷ್ಟು ಬಂತು, ಪಕ್ಕದ ಮನೆಯವ್ರಿಗೆ ಎಷ್ಟು ಅಂತ ಕೇಳ್ಬೇಡ್ರಿ, ಎಲ್ಲಿ ತಪ್ಪಾಯ್ತು ಅಂತ ಪಕ್ಕದಲ್ಲಿ ಕೂತು ನೋಡ್ರಿ. ಹೊಲದ ಕೆಲಸ ಬಿಟ್ಟು ಬರೋಕೆ ಆಗ್ದೇ ಇದ್ರೆ ಫೋನ್ ಮಾಡ್ರಿ, ರಾತ್ರಿ 9ರವರೆಗೂ ಎತ್ತೀನಿ.

ಇಂತಿ,
ಪ್ರಿನ್ಸಿಪಾಲ್, ದಾವಣಗೆರೆ