ಹೈಬ್ರಿಡ್ ಗೋಧಿ ಬೀಜ ಕೇಳುತ್ತಿರುವವರಿಗೆ

ಭಾಲ್ಕಿ, ಹುಮನಾಬಾದ್ ಕಡೆಯ ಗೆಳೆಯರೇ, ಹಿಂಗಾರು ಬಿತ್ತನೆ ಹತ್ತಿರ ಬಂತು. ಎರಡು ದಿನದಿಂದ ಗುಂಪಿನಲ್ಲಿ ಹೈಬ್ರಿಡ್ ಗೋಧಿ ಬೀಜ ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ದೀರಿ, ಅದಕ್ಕೇ ಬರೀತಿದ್ದೇನೆ.

ಹೈಬ್ರಿಡ್ ಅಂದರೆ ಎರಡು ಬೇರೆ ಸಾಲುಗಳನ್ನು ಕೂಡಿಸಿ ಪ್ರತಿ ಸಲ ಹೊಸದಾಗಿ ತಯಾರಿಸುವ ಬೀಜ. ಅಂಗಡಿಯಲ್ಲಿ ಸಿಗುವ ಗೋಧಿ ಹೆಚ್ಚಾಗಿ ಹೈಬ್ರಿಡ್ ಅಲ್ಲ, ಸುಧಾರಿತ ತಳಿ. ಧಾರವಾಡದ ಡಿಡಬ್ಲ್ಯುಆರ್ 162, ಯುಎಎಸ್ 304 ಇವೆಲ್ಲ ತಳಿಗಳೇ. ಜೋಳದಲ್ಲಿ 1964ರಲ್ಲೇ ಹೈಬ್ರಿಡ್ ಬೀಜ ಸಿಎಸ್‌ಎಚ್ 1 ಬಂತು, ಗೋಧಿಯಲ್ಲಿ ಯಾಕೆ ಹಾಗಾಗಲಿಲ್ಲ? ಗೋಧಿ ತೆನೆಯ ಒಂದು ಹೂವು ಬಿಡಿಸಿ ನೋಡಿ. ಒಳಗೆ ಮೂರು ಹಳದಿ ಪರಾಗಕೋಶ, ನಡುವೆ ಪರಾಗ ಹಿಡಿಯುವ ಗರಿಯಂಥ ಶಲಾಕಾಗ್ರ. ಸಿಪ್ಪೆ ತೆರೆಯುವ ಮೊದಲೇ ಪರಾಗ ತನ್ನದೇ ಶಲಾಕಾಗ್ರಕ್ಕೆ ಬಿದ್ದಿರುತ್ತೆ. ಹೊರಗೆ ಬರೋದು ಸ್ವಲ್ಪ, ಅದೂ ಬೇಗ ಸಾಯುತ್ತೆ. ಹೀಗಾಗಿ ಹೈಬ್ರಿಡ್ ಮಾಡಬೇಕಾದರೆ ತಾಯಿ ಸಾಲಿನ ಗಂಡುತನ ತೆಗೀಬೇಕು. ಅದಕ್ಕೆ ಟಿಮೊಫೀವಿ ಅನ್ನುವ ಬೇರೊಂದು ಜಾತಿಯ ಗೋಧಿಯಿಂದ ಬಂದ ಗಂಡುಬಂಜೆತನ, ಅಂದರೆ ಫಲ ಕಟ್ಟಿಸುವ ಪರಾಗ ಇಲ್ಲದ ಗುಣ, ಬಳಸುತ್ತಾರೆ, ಇಲ್ಲವೇ ರಾಸಾಯನಿಕ ಸಿಂಪಡಿಸುತ್ತಾರೆ. ಆಮೇಲೂ ಪಕ್ಕದ ಸಾಲಿನಿಂದ ಪರಾಗ ಸರಿಯಾಗಿ ಬಂದು ಕಾಳು ಕಟ್ಟಬೇಕಲ್ವಾ, ಅಲ್ಲೇ ಖರ್ಚು ಏರೋದು.

ಇನ್ನೊಂದು ಲೆಕ್ಕ. ಎಕರೆಗೆ ಮೆಕ್ಕೆಜೋಳ 8 ಕೆಜಿ ಸಾಕು, ಗೋಧಿಗೆ ಸುಮಾರು 40 ಕೆಜಿ ಬೇಕು. ಇಳುವರಿ ಹೆಚ್ಚಿದರೂ ಬೀಜದ ದುಡ್ಡೇ ಅದನ್ನು ತಿಂದುಬಿಡುತ್ತೆ. ಹೈಬ್ರಿಡ್ ಬೆಳೆಯ ಕಾಳನ್ನು ಮರುವರ್ಷ ಬಿತ್ತಿದರೆ ಒಂದೇ ಸಮ ಬರಲ್ಲ, ತಳಿಯದ್ದಾದರೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ನನಗೆ ಹೈಬ್ರಿಡ್ ಮೇಲೆ ಆಸೆ ಇದೆ, ಬಿಸಿಲು ತಡೆಯುವ ಶಕ್ತಿ ಅದರಿಂದ ಬಂದರೆ ನಮ್ಮ ಬೀದರಿಗೆ ದೊಡ್ಡ ಅನುಕೂಲ.

ಈಗ ಯಾರಾದರೂ ಹೈಬ್ರಿಡ್ ಗೋಧಿ ಅಂತ ಜಾಸ್ತಿ ದರ ಹೇಳಿದರೆ ಸುಮ್ನೆ ದುಡ್ಡು ಕೊಡಬೇಡಿ. ಚೀಲದ ಚೀಟಿಯಲ್ಲಿ ತಳಿಯ ಹೆಸರು, ಮೊಳಕೆ ಪ್ರಮಾಣ, ಬೀಜದ ವಾಯಿದೆ ಮುಗಿಯುವ ದಿನ ನೋಡಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತೆ. ಬಿಲ್ ತಗೊಳ್ಳಿ, ಚೀಟಿಯ ಫೋಟೋ ಇಲ್ಲಿ ಹಾಕಿ.